ಸಂಧಾನಕಾರರಿಗೆ ಊಟವಿಲ್ಲ

ಗಾಜಾದ ಯುದ್ಧ ನಿಲ್ಲಿಸಲು ಯಾವ ದೇಶ ಮಧ್ಯಸ್ಥಿಕೆ ವಹಿಸಿದರೆ ಒಳ್ಳೆಯದು ಎಂಬ ಪ್ರಶ್ನೆ ಇತ್ಯರ್ಥವಾಗಲೆಂದು ಚನ್ನಬಸವ್ವ ಎರಡು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದಳು. ಸಿಡ್ನಿಯ ಹ್ಯಾರಿಸ್ ಪಾರ್ಕಿನ ಕಿರಾಣಿ ಅಂಗಡಿಯವನು ಅವಳು ಒಯ್ಯುವ ಜೋಳದ ಹಿಟ್ಟಿನ ಚೀಲಗಳನ್ನು ನೋಡಿ ಒಮ್ಮೆ, "ಆಂಟೀಜೀ, ಹೋಟೆಲ್ ಖೋಲಾ ಹೈ ಕ್ಯಾ?" ಎಂದು ಕೇಳಿದ್ದ. "ಹೋಟೆಲ್ ನಹೀಂ, ವಿಶ್ವಶಾಂತಿ" ಎಂದು ಅವಳು ಹೇಳಿದಾಗ, ಯಾವುದೋ ಆಶ್ರಮವಿರಬೇಕೆಂದು ಅವನು ಕೈಮುಗಿದು ಒಂದು ಕಟ್ಟು ಕೊತ್ತಂಬರಿ ಪುಕ್ಕಟೆ ಕೊಟ್ಟ.

ಆಶ್ರಮವಲ್ಲ, ಅದು ಅವಳ ಗಂಡ ಶಾಂತವೀರಪ್ಪ ಕಟ್ಟಿದ ಬಳಗ. ಹುಬ್ಬಳ್ಳಿಯಿಂದ ಬಂದು ಸಿಡ್ನಿಯಲ್ಲಿ ನೀರು ಸರಬರಾಜಿನ ಇಂಜಿನಿಯರಾಗಿ ದುಡಿದು ನಿವೃತ್ತನಾದ ಮೇಲೆ, ಪೈಪುಗಳ ಒತ್ತಡ ಸರಿಪಡಿಸಿದ ತನ್ನ ಅನುಭವ ಜಗತ್ತಿನ ಒತ್ತಡಕ್ಕೂ ಒದಗಲಿ ಎಂದು ಅವನು 'ವಿಶ್ವಶಾಂತಿ ಬಳಗ' ಎಂಬ ವಾಟ್ಸ್ಯಾಪ್ ಗುಂಪು ಶುರುಮಾಡಿದ್ದ. ಸಿಡ್ನಿಯವರು ಒಂಬತ್ತು ಮಂದಿ, ಮೆಲ್ಬರ್ನಿನವರು ಏಳು ಮಂದಿ, ಎಲ್ಲರೂ ಗಂಡಸರು. ಶನಿವಾರ ಮಧ್ಯಾಹ್ನ ಸಿಡ್ನಿಯವರು ಅವನ ಮನೆಯಲ್ಲಿ ಸೇರುವರು. ಮೆಲ್ಬರ್ನಿನವರು ಟೀವಿ ಪರದೆಯ ಮೇಲೆ ಮೂಡುವರು. ಸಂಧಾನದ ಮೇಜು ಉದ್ದವಿರಬೇಕೋ ದುಂಡಗಿರಬೇಕೋ ಎಂದು ಒಂದು ಶನಿವಾರವಿಡೀ ಚರ್ಚೆ ನಡೆದಿತ್ತು. ಉಂಡೆದ್ದ ಮೇಲೆ ಮೇಜು ಒರೆಸುವವರು ಯಾರು ಎಂಬುದು ಮಾತ್ರ ಯಾವ ಶನಿವಾರವೂ ಚರ್ಚೆಗೆ ಬಂದಿರಲಿಲ್ಲ.

ಚನ್ನಬಸವ್ವನಿಗೆ ಐವತ್ತೆಂಟು. ಧಾರವಾಡದಲ್ಲಿ ಹೈಸ್ಕೂಲಿನ ವಿಜ್ಞಾನ ಟೀಚರಾಗಿದ್ದವಳು, ಇಲ್ಲಿ ವೃದ್ಧಾಶ್ರಮವೊಂದರಲ್ಲಿ ವಾರಕ್ಕೆ ನಾಲ್ಕು ದಿನ ಆರೈಕೆಯ ಕೆಲಸ ಮಾಡುತ್ತಿದ್ದಳು. ಜೊತೆಗೆ ದುಡಿಯುವ ಹನಾನ್ ಗಾಜಾದವಳು. ತಂಗಿ ಮತ್ತು ತಂಗಿಯ ಮಕ್ಕಳು ಇನ್ನೂ ಅಲ್ಲೇ ಇದ್ದರು. ಆರನೇ ರೂಮಿನ ಅಜ್ಜಿ ಯಹೂದಿ. ಅವಳ ತಂಗಿಯ ಮೊಮ್ಮಗ ಒತ್ತೆಯಾಳಾಗಿ ಹೋಗಿದ್ದ. ಟೀವಿಯಲ್ಲಿ ಒತ್ತೆಯಾಳುಗಳ ಹೆಸರುಗಳು ಬರುವಾಗ ಅಜ್ಜಿ ಕನ್ನಡಕ ಹುಡುಕಾಡುವಳು. ಹುಡುಕಿ ಕೈಗಿಡುತ್ತಿದ್ದವಳು ಹೆಚ್ಚಾಗಿ ಹನಾನ್.

ಒಮ್ಮೆ ಚಹಾದ ಬಿಡುವಿನಲ್ಲಿ ಚನ್ನಬಸವ್ವ, ಮನೆಯಲ್ಲಿ ದಿನವೂ ಕಿವಿಗೆ ಬೀಳುವ ಪ್ರಶ್ನೆಯನ್ನೇ ಹನಾನಳಿಗೆ ಕೇಳಿದಳು: ಯಾರು ನಡುವೆ ನಿಂತರೆ ಒಳ್ಳೆಯದು? ಹನಾನ್ ಬಿಸ್ಕತ್ತು ಅದ್ದುತ್ತ, "ಹಿಟ್ಟಿನ ಲಾರಿಗೆ ಗೇಟು ತೆಗೆಸುವವರು. ತೆಗೆಸಿದ ಮೇಲೆ, ಮರುದಿನವೂ ಅದು ತೆರೆದೇ ಇದೆಯಾ ಅಂತ ಬಂದು ನೋಡುವವರು" ಎಂದಳು. ಚನ್ನಬಸವ್ವ ಇದನ್ನು ಗಂಡನಿಗೆ ಹೇಳಿದಾಗ ಅವನು ಕಣ್ಣು ಮುಚ್ಚಿ ತಲೆಯಾಡಿಸಿದ. "ಅದು ಮಾನವೀಯ ಆಯಾಮ, ಚನ್ನೀ. ನಾವು ಈಗ ರಾಜತಾಂತ್ರಿಕ ಆಯಾಮದಾಗ ಅದೀವಿ. ಮಜ್ಜಿಗಿ ಐತೇನು?"

ಮೆಲ್ಬರ್ನಿನ ಏಳು ಮಂದಿಗೆ ಮುಖಂಡ ಯಾದವ. ಉಡುಪಿಯ ಕಡೆಯವನು, ನಿವೃತ್ತ ಫಾರ್ಮಸಿಸ್ಟ್, ಅಲ್ಲಿನ ಕ್ರೇಗಿಬರ್ನ್ ಬಡಾವಣೆಯಲ್ಲಿ ಮಗನ ಜೊತೆ ವಾಸ. ಆ ಮಗ ಮನೀಷನೇ ಚನ್ನಬಸವ್ವನ ಅಳಿಯ. ಮಗಳು ಆರತಿ ಹೆತ್ತು ಎರಡು ತಿಂಗಳಾಗಿತ್ತು. ಹೆಣ್ಣು ಕೂಸು. ತೊಟ್ಟಿಲಿಗೆ ಹಾಕುವ ಕಾರ್ಯ ಕ್ರೇಗಿಬರ್ನಿನಲ್ಲೇ ಎಂದು ನಿಶ್ಚಯವಾಗಿ, ಚನ್ನಬಸವ್ವ ಕೆಲಸದಲ್ಲಿ ಎರಡು ವಾರ ರಜೆ ಹಾಕಿದ್ದಳು. ಆ ರಜೆ ತಪ್ಪಿಸಿಕೊಂಡರೆ ಮತ್ತೆ ಸಿಗುವುದು ಕ್ರಿಸ್ಮಸ್ ಕಳೆದ ಮೇಲೆಯೇ. ತನ್ನ ಹಳೆಯ ಇಳಕಲ್ ಸೀರೆ, ಅವ್ವನ ಸೀರೆ, ಅಜ್ಜಿಯ ಸೀರೆಯದೊಂದು ತುಂಡು ಎಲ್ಲ ಸೇರಿಸಿ ಹೊಲಿದ ಪುಟ್ಟ ಕೌದಿ ಸೂಟ್‌ಕೇಸಿನಲ್ಲಿ ಮಡಿಚಿ ಕೂತಿತ್ತು. ಆ ಕೂಸನ್ನು ಅವಳು ಇನ್ನೂ ಕೈಯಲ್ಲಿ ಎತ್ತಿಕೊಂಡಿರಲಿಲ್ಲ.

ಹೀಗಿರುವಾಗ ಒಂದು ಶನಿವಾರ ಬೀಗರಿಬ್ಬರಿಗೂ ಹತ್ತಿಕೊಂಡಿತು.

"ಕೈಯಾಗ ಬಡಿಗಿ ಇಲ್ಲದಾಂವ ಹಿರೇತನ ಮಾಡಾಕ ಆಗೂದಿಲ್ರೀ ಬೀಗರ. ಅಮೆರಿಕಾನ ಬೇಕು" ಎಂದ ಶಾಂತವೀರಪ್ಪ.

"ಒಬ್ಬನ ಕೈಗೆ ಬಡಿಗೆ ಕೊಡುವವನೇ ಪಂಚಾಯ್ತಿಗೆ ಕೂತ್ರೆ ಅದೆಂಥ ನ್ಯಾಯ ಮಾರಾಯ್ರೆ?" ಪರದೆಯ ಮೇಲಿಂದ ಯಾದವ. "ಕತಾರ್ ಉಂಟು, ಈಜಿಪ್ಟ್ ಉಂಟು, ನಾರ್ವೆ ಉಂಟು."

"ನಾರ್ವೆದಾವ್ರು ಮೂವತ್ತ ವರ್ಷದ ಹಿಂದ ಮಾಡಿಸಿದ ಒಪ್ಪಂದ ಎಲ್ಲಿಗೆ ಬಂತು?"

"ನಿಮ್ಮ ಅಮೆರಿಕ ಮಾಡಿದ್ದು ಎಲ್ಲಿಗೆ ಬಂತು?"

ಅಡುಗೆಮನೆಯಲ್ಲಿ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದ ಚನ್ನಬಸವ್ವನಿಗೆ ಇಬ್ಬರದೂ ಅರ್ಧರ್ಧ ಸರಿ ಅನ್ನಿಸಿತು. ಅಲ್ಲಿಗೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಯಾದವ, "ಈ ಬಳಗದಲ್ಲಿ ನೀವೇ ಅಮೆರಿಕ ಅಲ್ವಾ? ಬೇರೆಯವರಿಗೆ ಮಾತಾಡ್ಲಿಕ್ಕೆ ಎಲ್ಲಿ ಬಿಡ್ತೀರಿ?" ಎಂದುಬಿಟ್ಟ. ಎಂಟು ಜನ ರೊಟ್ಟಿ ಬಾಯಲ್ಲಿಟ್ಟುಕೊಂಡೇ ನಕ್ಕರು. ಶಾಂತವೀರಪ್ಪ ಫೋನ್ ಕೈಗೆತ್ತಿಕೊಂಡು, ಗುಂಪಿನ ಅಡ್ಮಿನ್ ಎಂಬ ಅಧಿಕಾರದಿಂದ ಬೀಗರನ್ನು ಹೊರಗೆ ಹಾಕಿದ. ಸಂಜೆಯ ಹೊತ್ತಿಗೆ ಮೆಲ್ಬರ್ನಿನಲ್ಲಿ 'ನಿಜವಾದ ವಿಶ್ವಶಾಂತಿ ಬಳಗ' ಹುಟ್ಟಿತು.

"ಲಿಖಿತ ಕ್ಷಮಾಪಣೆ ಬರೂತನಕ ಈ ಮನೀ ಮಂದಿ ಯಾರೂ ಕ್ರೇಗಿಬರ್ನಿನ ಹೊಸ್ತಿಲಾ ತುಳಿಯಂಗಿಲ್ಲ" ಎಂದು ಶಾಂತವೀರಪ್ಪ ಘೋಷಿಸಿದ.

ಈ ಮನೆಯ ಮಂದಿ ಎಂದರೆ ಚನ್ನಬಸವ್ವ ಒಬ್ಬಳೇ. "ಕೂಸಿನ ತೊಟ್ಟಿಲ ಕಾರ್ಯ?" ಎಂದು ಕೇಳಿದಳು.

"ಅದು ಮುಂದಿನ ಹಂತದ ವಿಷಯ."

ಫೋನಿನಲ್ಲಿ ಆರತಿ, "ಅವ್ವಾ, ಸೀರಿಯಸ್ಲಿ? ಅಪ್ಪ ನಿನಗ ವೀಸಾ ಕೊಡಬೇಕಾ?" ಎಂದು ಕೇಳಿದಳು. ಮೂವತ್ತನಾಲ್ಕು ವರ್ಷದಿಂದ ಟಿಕೆಟ್ ಬುಕ್ ಮಾಡುತ್ತಿದ್ದವನು ಅವನು, ಸೂಟ್‌ಕೇಸ್ ತುಂಬುತ್ತಿದ್ದವಳು ಚನ್ನಬಸವ್ವ. ಅದನ್ನು ಯಾರೂ ಕಾನೂನು ಮಾಡಿರಲಿಲ್ಲ. ಮಾಡಿದ್ದರೆ ಮುರಿಯುವುದಾದರೂ ಸುಲಭವಿತ್ತು.

ಮಧ್ಯಸ್ಥಿಕೆಯ ಬಗ್ಗೆ ಎರಡು ವರ್ಷ ಚರ್ಚಿಸಿದವರ ಜಗಳಕ್ಕೆ ಮಧ್ಯಸ್ಥರಿಲ್ಲದೆ ನಡೆದೀತೇ? ಎರಡೂ ಬಳಗಗಳು ಒಮ್ಮತದಿಂದ, ಬಳಗದ ಹೊರಗಿನವನಾದ ಸಿಡ್ನಿಯ ಶ್ರೀನಾಥನನ್ನು ಆರಿಸಿದವು. ಬೆಂಗಳೂರಿನವನಾದ್ದರಿಂದ ಅವನು ಹುಬ್ಬಳ್ಳಿಗೂ ಉಡುಪಿಗೂ ಸಮಾನ ದೂರದವನು ಎಂಬುದು ಒಂದು ಅರ್ಹತೆ. ಪ್ರಾಜೆಕ್ಟ್ ಮ್ಯಾನೇಜರಾಗಿ ಹದಿನೈದು ದಿನಕ್ಕೊಮ್ಮೆ ಆಫೀಸಿನ ಕೆಲಸಕ್ಕೆ ಮೆಲ್ಬರ್ನಿಗೆ ಹೋಗುತ್ತಿದ್ದ ಎಂಬುದು ಇನ್ನೊಂದು. ಅವನ ಹೆಂಡತಿ ಶ್ರೀವಿದ್ಯಾ ಆಸ್ಪತ್ರೆಯಲ್ಲಿ ನರ್ಸ್; 'ನನ್ನ ಡ್ಯೂಟಿಯ ದಿನ ನಿನ್ನ ಅಡುಗೆ ನೀನೇ ಮಾಡ್ಕೋ' ಎಂದು ಅವಳು ಮೂರು ತಿಂಗಳ ಹಿಂದೆ ಹೇಳಿದ್ದ ಸಂಗತಿಯನ್ನು ಮಾತ್ರ ಯಾರೂ ಪರಿಶೀಲಿಸಲಿಲ್ಲ.

ಮೊದಲ ಸುತ್ತಿಗೆ ಚನ್ನಬಸವ್ವ ಬದನೆಕಾಯಿ ಎಣಗಾಯಿ, ರೊಟ್ಟಿ, ಶೇಂಗಾ ಚಟ್ನಿ ಮಾಡಿದಳು. "ಸೂಪರ್ ಆಂಟಿ! ಹೊಟ್ಟೆ ತುಂಬಿದ್ರೆ ಮನಸ್ಸು ಸಾಫ್ಟ್ ಆಗತ್ತೆ, ನೋಡ್ತಿರಿ" ಎಂದು ಶ್ರೀನಾಥ್ ಆರನೆಯ ರೊಟ್ಟಿ ಮುರಿದ. ಮುಂದಿನ ವಾರ ಅವನು ಮೆಲ್ಬರ್ನಿಗೆ ಹೋಗಿ ಬಂದ. ಯಾದವನ ಮನೆಯಲ್ಲಿ ಅವನಿಗೆ ಕೋರಿ ರೊಟ್ಟಿ ಬಡಿಸಿದ್ದರು ಎಂಬ ಸುದ್ದಿ ಅವನಿಗಿಂತ ಮೊದಲೇ ಹ್ಯಾರಿಸ್ ಪಾರ್ಕ್ ಮುಟ್ಟಿತು.

ಶಾಂತವೀರಪ್ಪ ತುರ್ತುಸಭೆ ಕರೆದ. "ಆ ಮನ್ಯಾಗ ಕೋಳಿಸಾರು ಉಂಡು ಬಂದಾನ. ಇನ್ನ ನಮ್ಮ ಎಣಗಾಯಿ ನೆನಪರ ಉಳಿತೈತೇನು ಅವಂಗ?"

ಸಮತೋಲನ ಮರಳಿ ತರಲು ಈ ಕಡೆಯಿಂದ ಹೋಳಿಗೆಯಾಗಬೇಕೆಂದು ಸಭೆ ತೀರ್ಮಾನಿಸಿತು. ಹೂರಣ ರುಬ್ಬುವವಳನ್ನು ಸಭೆ ಕೇಳಲಿಲ್ಲ. ಹೋಳಿಗೆಯ ವರದಿ ಕ್ರೇಗಿಬರ್ನ್ ತಲುಪಿದಾಗ ಅಲ್ಲಿ ನೀರುದೋಸೆಯ ಮೇಲೆ ಮೀನು ಏರಿತು. ಅದಕ್ಕೆ ಉತ್ತರವಾಗಿ ಇಲ್ಲಿ ಕರಿಗಡುಬು. ಐದು ವಾರ ಕಳೆಯುವಷ್ಟರಲ್ಲಿ ಸಂಧಾನದ ಪ್ರಗತಿಯನ್ನು ಶ್ರೀನಾಥನ ಸೊಂಟದ ಪಟ್ಟಿಯ ಮೇಲೆ ಅಳೆಯಬಹುದಾಗಿತ್ತು. ಪ್ರತಿಸಲ ಕೈತೊಳೆದು ಅವನು ಹೇಳುತ್ತಿದ್ದುದು ಒಂದೇ: "ಪಾಸಿಟಿವ್ ಆಗಿದೆ ಅಂಕಲ್. ಇನ್ನೆರಡು ರೌಂಡ್ ಟ್ರಸ್ಟ್ ಬಿಲ್ಡಿಂಗ್ ಬೇಕು."

ಚನ್ನಬಸವ್ವನ ರಜೆ ಶುರುವಾಗಲು ಒಂಬತ್ತು ದಿನ ಉಳಿಯಿತು.

ಇತ್ತ ಎರಡೂ ಮನೆಗಳ ನಡುವೆ ಸಂಬಂಧ ಕಡಿದಿದ್ದ ಅಷ್ಟೂ ವಾರ, ಯಾದವನ ಹೆಂಡತಿ ಗುಣವತಿ ಮತ್ತು ಚನ್ನಬಸವ್ವ ದಿನವೂ ಫೋನಿನಲ್ಲಿ ಮಾತಾಡುತ್ತಿದ್ದರು. ಅದೇನು ಗುಟ್ಟಲ್ಲ, ಯಾರೂ ಕೇಳಿರಲಿಲ್ಲ, ಅಷ್ಟೇ. ಬೆಳಿಗ್ಗೆ ಕೆಲಸಕ್ಕೆ ಹೋಗುವ ರೈಲಿನಲ್ಲಿ ಚನ್ನಬಸವ್ವ ಕಿಟಕಿಯ ಸೀಟು ಹಿಡಿದರೆ, ಗುಣವತಿ ಅಲ್ಲಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತ ಮಾತಿಗೆ ಕೂರುವಳು. ಆ ದಿನ ಗುಣವತಿ ಕೇಳಿದಳು:

"ಅಲ್ಲ ಚನ್ನಕ್ಕ, ನಿಮ್ಮವರು ಉತ್ತರ ಕೊಡುದು ಯಾವಾಗ?"

"ಯಾವುದಕ್ಕ ಉತ್ತರಾ, ಗುಣವ್ವ?"

"ಅಯ್ಯೋ, ಪತ್ರಕ್ಕೆ! ನಮ್ಮವರು ಬರೆದು ಶ್ರೀನಾಥನ ಕೈಯಲ್ಲಿ ಕೊಟ್ಟು ಮೂರು ವಾರ ಆಯ್ತಲ್ಲ. ನಾನು ಪಕ್ಕದಲ್ಲಿ ಕೂತು ಬರೆಸಿದ್ದು. 'ನಾನು ಹಾಗೆ ಹೇಳಿದ್ದು ಸ್ವಲ್ಪ ಹೆಚ್ಚಾಯಿತು' ಅಂತ."

"ಇಲ್ಲಿ ಯಾವ ಪತ್ರಾನೂ ಬಂದಿಲ್ಲ. ಕರಿಗಡಬು ತಿಂದು, ಮುಂದಿನ ಸಲ ಮಾದಲಿ ಮಾಡ್ರಿ ಆಂಟಿ ಅಂತ ಹೇಳಿ ಹೋಗ್ಯಾನ."

"ಇಲ್ಲಿ ಮುಂದಿನ ಸಲಕ್ಕೆ ಮರುವಾಯಿ ಚಿಪ್ಪಿನ ಸುಕ್ಕ ಬೇಕಂತೆ!"

ಇಬ್ಬರೂ ಅವನಿಗೆ ಬಡಿಸಿದ ಊಟಗಳನ್ನು ವಾರವಾರವಾಗಿ ಎಣಿಸಿ ನೋಡಿದರು. ಆಮೇಲೆ ಗುಣವತಿ ನಗತೊಡಗಿದಳು. ಚನ್ನಬಸವ್ವನಿಗೆ ನಗು ಬರಲಿಲ್ಲ. ಅವಳಿಗೆ ಬಸಕ್ಕ ನೆನಪಾದಳು.

ಬಸಕ್ಕ ಅವಳ ಅಜ್ಜಿ. ಧಾರವಾಡದಲ್ಲಿ ಅವರ ಓಣಿಗೆಲ್ಲ ಇದ್ದುದು ಒಂದೇ ನಳ, ಬೆಳಿಗ್ಗೆ ಒಂದೇ ತಾಸು ನೀರು. ಕೊಡ ಹಿಂದೆಮುಂದಾದರೆ ಹೆಂಗಸರ ನಡುವೆ ಜಡೆ ಹಿಡಿದು ಜಗಳ. ಬಗೆಹರಿಸಲು ಬಸಕ್ಕನನ್ನು ಕರೆಯುವರು. ಓದು ಬಾರದ ಬಸಕ್ಕನಿಗೆ ಎರಡು ನೇಮ. ಒಂದು, ನ್ಯಾಯ ಮುಗಿಯುವತನಕ ಎರಡೂ ಕಡೆಯವರ ಮನೆಯ ಹನಿ ನೀರೂ ಮುಟ್ಟುತ್ತಿರಲಿಲ್ಲ. ಒಂದು ಗುಟುಕು ಚಹಾ ಕೂಡ ಇಲ್ಲ. 'ಬಾಯಿ ಒಣಗಿದಾವರಿಗೆ ನ್ಯಾಯ ಲಗೂನ ಹೊಳಿತೈತಿ' ಎನ್ನುವಳು. ಎರಡನೆಯ ನೇಮ ಇನ್ನೂ ವಿಚಿತ್ರ. ಒಪ್ಪಂದವಾದ ಮರುದಿನ ನಸುಕಿನಲ್ಲೇ ಖಾಲಿ ಕೊಡ ಹಿಡಿದು ನಳದ ಹತ್ತಿರ ಬಂದು ನಿಲ್ಲುವಳು. ತುಂಬಿಸಿಕೊಳ್ಳಲು ಅಲ್ಲ, ನೋಡಲು. ಯಾರ ಕೊಡ ಮೊದಲು, ಯಾರದು ನಂತರ ಎಂದು ನಿನ್ನೆ ಒಪ್ಪಿಕೊಂಡದ್ದು ಇವತ್ತು ನಡೆಯುತ್ತಿದೆಯೋ ಇಲ್ಲವೋ ಎಂದು. ಎಂಟು ದಿನ ಹಾಗೆ ನಿಂತರೆ, ಒಂಬತ್ತನೆಯ ದಿನ ಅವಳು ನಿಲ್ಲುವ ಅಗತ್ಯ ಇರುತ್ತಿರಲಿಲ್ಲ.

ಚನ್ನಬಸವ್ವ ಇದನ್ನೆಲ್ಲ ಹೇಳಿ ಮುಗಿಸಿದಾಗ ಗುಣವತಿ, "ನಮ್ಮ ಮನೆಯಲ್ಲಿ ಇವತ್ತಿಂದಲೇ ಬಂದ್" ಎಂದಳು.

ಶನಿವಾರ ಶ್ರೀನಾಥ್ ಬಂದ. ಎಂಟು ಮಂದಿಯೂ ಬಂದರು. ಮೇಜು ಬೋಳಾಗಿತ್ತು. ನೀರಿನ ಜಗ್ಗೂ ಇರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಚನ್ನಬಸವ್ವ ಸಭೆಯಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದಳು.

"ಆಂಟಿ, ಇವತ್ತು ಘಮನೇ ಇಲ್ವಲ್ಲ?" ಶ್ರೀನಾಥ್ ಮೂಗರಳಿಸಿದ.

"ಒಲಿ ಹಚ್ಚಿಲ್ಲಪಾ. ಇವತ್ತಿನಿಂದ ಸಂಧಾನ ಮುಗಿಯೂತನಕ ಸಂಧಾನ ಮಾಡಾವ್ರಿಗೆ ಈ ಮನ್ಯಾಗೂ ಊಟಿಲ್ಲ, ಆ ಮನ್ಯಾಗೂ ಇಲ್ಲ. ಉಂಡ ಮನೀ ಕಡೆ ನಾಲಿಗಿ ವಾಲತೈತಿ. ನಿಷ್ಪಕ್ಷಪಾತ ಇರಬೇಕಲ್ಲ?"

ಶಾಂತವೀರಪ್ಪನ ಮುಖ ಕೆಂಪೇರಿತು. "ಏನಿದು ಚನ್ನೀ, ಬಂದಾವ್ರ ಮುಂದ? ಇರ್ರಿ, ನಾನ ಚಹಾ ಮಾಡಿ ತರ್ತೀನಿ."

ಅಡುಗೆಮನೆಯಲ್ಲಿ ಡಬ್ಬಿಗಳ ಮುಚ್ಚಳ ಬೀಳುವ ಸದ್ದು ಒಂದಾದ ಮೇಲೊಂದು ಕೇಳಿತು. ನೆರವಿಗೆಂದು ಇನ್ನಿಬ್ಬರು ಹೋದರು. ಒಬ್ಬ ನಿವೃತ್ತ ಇಂಜಿನಿಯರ್, ಒಬ್ಬ ಡಾಕ್ಟರು, ಒಬ್ಬ ಆಡಿಟರ್ ಸೇರಿ ಗುರೆಳ್ಳು ಚಟ್ನಿಪುಡಿಯನ್ನು ಕುದಿಯುವ ನೀರಿಗೆ ಹಾಕುವ ಹಂತಕ್ಕೆ ಬಂದರು.

"ಚಹಾಪುಡಿ ಎಲ್ಲೈತಿ?" ಒಳಗಿಂದ ಕೂಗು ಬಂತು.

"ಹೇಳಿದ್ರ ನಾ ಒಂದು ಪಕ್ಷ ಹಿಡಿದಂಗ ಆಗ್ತೈತ್ರಿ" ಎಂದು ಚನ್ನಬಸವ್ವ ಕೂತಲ್ಲಿಂದಲೇ ಹೇಳಿದಳು. ನಂತರ ಶ್ರೀನಾಥನ ಕಡೆ ತಿರುಗಿ, "ಪತ್ರ ಎಲ್ಲಪಾ?" ಎಂದಳು.

ಶ್ರೀನಾಥ್ ನೀರಿನ ಜಗ್ಗಿಗಾಗಿ ಸುತ್ತ ನೋಡಿದ. ಇಪ್ಪತ್ತು ನಿಮಿಷ ತಾಳಿದ. ಕೊನೆಗೆ ಲ್ಯಾಪ್‌ಟಾಪ್ ಚೀಲದಿಂದ ನಾಲ್ಕು ಮಡಿಕೆಯ ಕಾಗದ ಹೊರಬಂತು; ಮೂಲೆಗೆ ಮೀನುಸಾರಿನ ಕಲೆ. "ಟೈಮಿಂಗ್ ನೋಡ್ತಿದ್ದೆ ಆಂಟಿ. ಪ್ರಾಸೆಸ್ ಇನ್ನೂ ಮೆಚ್ಯೂರ್ ಆಗಿರಲಿಲ್ಲ."

ಶಾಂತವೀರಪ್ಪ ಬರಿಗೈಯಲ್ಲಿ ಹೊರಬಂದು ಪತ್ರ ಓದಿದ, ಕನ್ನಡಕ ಒರೆಸಿ ಮತ್ತೆ ಓದಿದ. ಅವನ ಮುಖ ಕೊಂಚ ಸಡಿಲಾಯಿತು. ಚನ್ನಬಸವ್ವನ ಎದೆ ಹಗುರಾಗುವಷ್ಟರಲ್ಲಿ ಅವನೆಂದ: "'ಸ್ವಲ್ಪ' ಹೆಚ್ಚಾಯಿತು ಅಂತ ಬರದಾನ. ಇದನ್ನ ಹಂಗ ಒಪ್ಪಾಕ ಬರೂದಿಲ್ಲ. ಮುಂದಿನ ಶನಿವಾರ ಚರ್ಚಾ ಮಾಡೂಣು."

ಚನ್ನಬಸವ್ವ ಎದ್ದಳು. "ಮಾಡ್ರಿ, ನಿಧಾನಕ್ಕ ಮಾಡ್ರಿ. ನಾ ಬುಧವಾರ ಹೊಂಟೀನಿ."

"ಎಲ್ಲಿಗೆ?"

"ಕ್ರೇಗಿಬರ್ನಿಗೆ. ಟಿಕೆಟ್ ಬುಕ್ ಮಾಡೀನಿ."

"ಒಪ್ಪಂದ ಆಗೂಕ್ಕಿಂತ ಮುಂಚೆ?"

"ಜಗಳ ನಿಮ್ಮದು, ಒಪ್ಪಂದಾನೂ ನಿಮ್ಮದು. ಗೇಟು ಯಾಕ್ರೀ ನನಗ ಹಾಕೀರಿ?"

ಆ ಎಂಟು ಮಂದಿ ತಮ್ಮ ತಮ್ಮ ಫೋನು ನೋಡಿಕೊಂಡರು. ಬೆರಳಲ್ಲಿ ಬುಕ್ ಮಾಡಿದ ಆ ಟಿಕೆಟ್ಟಿಗೆ ಅವಳು ನಿನ್ನೆ ರೈಲಿನಲ್ಲಿ ನಾಲ್ಕು ನಿಮಿಷ ತೆಗೆದುಕೊಂಡಿದ್ದಳು. ಮೂವತ್ತನಾಲ್ಕು ವರ್ಷ ಮತ್ತು ನಾಲ್ಕು ನಿಮಿಷ.

ಮೆಲ್ಬರ್ನ್ ವಿಮಾನನಿಲ್ದಾಣದಲ್ಲಿ ಗುಣವತಿ ಕೂಸನ್ನು ಎತ್ತಿಕೊಂಡೇ ನಿಂತಿದ್ದಳು. ಚನ್ನಬಸವ್ವ ಅಲ್ಲೇ ಸೂಟ್‌ಕೇಸ್ ಬಿಚ್ಚಿ, ಕೌದಿ ಹಾಸಿ, ಕೂಸನ್ನು ಎದೆಗಾನಿಸಿಕೊಂಡಳು. ಅದು ಅವಳ ಕನ್ನಡಕ ಹಿಡಿದು ಎಳೆಯಿತು.

ಮರುದಿನ ಸುದ್ದಿ ಬಂತು: ಅತ್ತ ನಿಜವಾದ ಯುದ್ಧಕ್ಕೆ ಕದನವಿರಾಮ. ಸಂಧಾನಕ್ಕೆ ಅಮೆರಿಕವೂ ಇತ್ತು, ಕತಾರ್, ಈಜಿಪ್ಟೂ ಇದ್ದವು. ಕೂಡಲೇ ಶಾಂತವೀರಪ್ಪ, "ನಾ ಹೇಳಿದ್ದ ಆತು" ಎಂದು ತನ್ನ ಬಳಗಕ್ಕೂ, ಯಾದವ, "ನಾನು ಹೇಳಿದ್ದೇ ಆಯ್ತು" ಎಂದು ತನ್ನ ಬಳಗಕ್ಕೂ ಬರೆದರು. ಇಬ್ಬರೂ ಗೆದ್ದ ಮೇಲೆ ಜಗಳಕ್ಕೆ ಜಾಗವೆಲ್ಲಿ? ಅದೂ ಅಲ್ಲದೆ, ಹ್ಯಾರಿಸ್ ಪಾರ್ಕಿನ ಮನೆಯಲ್ಲಿ ರೊಟ್ಟಿಯಿಲ್ಲವೆಂದು ತಿಳಿದ ಎಂಟು ಮಂದಿಗೂ ಆ ಶನಿವಾರ ಬೇರೆ ಕೆಲಸ ಬಂದಿತ್ತು. ಮಧ್ಯಾಹ್ನ ಯಾದವನ ಫೋನು ರಿಂಗಾಯಿತು.

"ಬೀಗರ, ಒಂದ ಲೋಟ ಅಕ್ಕಿಗೆ ನೀರು ಎಷ್ಟ ಹಾಕಬೇಕ್ರೀ?"

"ನಂಗೆ ಗೊತ್ತಿಲ್ಲ ಮಾರಾಯ್ರೆ. ಇಲ್ಲಿ ಮೂರು ಹೆಂಗಸರು ಇದ್ದಾರೆ, ಒಬ್ರೂ ಹೇಳುದಿಲ್ಲ. ಪ್ಯಾಕೆಟಿನ ಹಿಂದೆ ಬರೆದುಂಟಾ ನೋಡಿ."

ಭಾನುವಾರ ಬೆಳಗಿನ ವಿಮಾನಕ್ಕೆ ಶಾಂತವೀರಪ್ಪ ಬಂದಿಳಿದ. ಅಂದಿನ ತೊಟ್ಟಿಲ ಕಾರ್ಯಕ್ಕೆ ಊಟ ಹೊರಗಿನಿಂದ ತರಿಸಿದ್ದರು. ಪಾತ್ರೆ ಬೀಗರಿಬ್ಬರೂ ತೊಳೆಯಬೇಕು ಎಂಬ ಒಂದೇ ಷರತ್ತನ್ನು ಆರತಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದಳು; ಇಬ್ಬರೂ ನಗುತ್ತ ಸಹಿ ಹಾಕಿದರು. ಕೂಸಿಗೆ ಗಾನವಿ ಎಂದು ಹೆಸರಿಟ್ಟರು. ಶಾಂತವೀರಪ್ಪ ನಾಲ್ಕು ಮಾತಾಡಿ, ಎರಡು ಮನೆ ಒಂದುಗೂಡಿಸಿದ ಶ್ರೀನಾಥನ ಸಹನೆಯನ್ನು ಕೊಂಡಾಡಿದ. ಯಾದವ ಶಾಲು ಹೊದಿಸಿದ. ಶ್ರೀನಾಥ್ ಆ ಫೋಟೋವನ್ನು ಎರಡೂ ಗುಂಪಿಗೆ ಹಾಕಿ, 'ಯಶಸ್ವಿ ಮಧ್ಯಸ್ಥಿಕೆ' ಎಂದು ಬರೆದು, ಮೂರನೆಯ ಸಲ ಪಾಯಸ ಹಾಕಿಸಿಕೊಂಡ. ಗುಣವತಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ಬಿಡಿ ಚನ್ನಕ್ಕ, ಶಾಲಾದ್ರೂ ಅವನಿಗೇ ಹೋಗ್ಲಿ."

"ಶಾಲು ಹೋಗ್ಲಿ" ಎಂದಳು ಚನ್ನಬಸವ್ವ. "ನಾಳೆ ಮುಂಜಾನೆ ನೋಡೂಣು."

ಸೋಮವಾರ ಎಲ್ಲರಿಗಿಂತ ಮೊದಲು ಎದ್ದಳು. ಫೋನಿನಲ್ಲಿ ಹನಾನಳ ಸಂದೇಶವಿತ್ತು: ಲಾರಿಗಳು ಹೊರಟಿವೆ ಅನ್ನುತ್ತಾರೆ, ತಂಗಿಯ ಕಡೆಗೆ ಇನ್ನೂ ಬಂದಿಲ್ಲ. ಆರನೇ ರೂಮಿನ ಅಜ್ಜಿ ನಿನ್ನೆಯಿಂದ ಕನ್ನಡಕ ತೆಗೆದಿಲ್ಲ, ನಾನು ಪಕ್ಕದಲ್ಲೇ ಕೂತಿದ್ದೇನೆ.

ಚನ್ನಬಸವ್ವ ಅದನ್ನು ಎರಡು ಸಲ ಓದಿ, ಬರಿಗಾಲಲ್ಲಿ ಅಡುಗೆಮನೆಗೆ ಹೋಗಿ ಸಿಂಕಿನ ಮುಂದೆ ನಿಂತಳು. ಲೋಟಗಳು ಫಳಫಳ ಹೊಳೆಯುತ್ತಿದ್ದವು. ತಟ್ಟೆಗಳು ಸಾಲಾಗಿ ನಿಂತಿದ್ದವು. ಅವುಗಳ ಹಿಂದೆ, ಕಾಣದಂತೆ ಗೋಡೆಗೆ ಒರಗಿಸಿ, ಪಾಯಸ ಬಿಸಿಮಾಡಿದ ದೊಡ್ಡ ಪಾತ್ರೆ ಇತ್ತು. ತಳ ಹಿಡಿದಿತ್ತು, ನೀರು ಹಾಕಿ ನೆನೆಯಲು ಬಿಟ್ಟಿದ್ದರು.

ಅವಳ ಕೈ ತಾನಾಗಿಯೇ ತಿಕ್ಕುವ ನಾರಿನ ಕಡೆ ಹೋಯಿತು. ಮುಟ್ಟುವಷ್ಟರಲ್ಲಿ ನಿಂತಿತು. ಕೈ ಹಿಂದಕ್ಕೆ ಕಟ್ಟಿಕೊಂಡು, ಬೀಗರಿಬ್ಬರೂ ಗೊರಕೆ ಹೊಡೆಯುತ್ತಿದ್ದ ಕೋಣೆಯ ಬಾಗಿಲಿಗೆ ನಡೆದಳು.

"ಏನ್ರೀ, ಇಬ್ಬರೂ ಏಳ್ರಿ" ಎಂದು ಬಾಗಿಲು ಬಡಿದಳು. "ನೋಡಾಕ ಬಂದೀನಿ. ಇನ್ನೂ ಏಳು ದಿನಾ ಬರ್ತೀನಿ."